ಮೂಗಿನ ಉಬ್ಬು ತಗ್ಗಿಸುವ ಎರಡು ದಾರಿಗಳು
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ನಾಕ್ ಎಂದರೆ ಮೂಗೂ ಹೌದು, ಮಾನವೂ ಹೌದು. ಕನ್ನಡದಲ್ಲಿ ತಾತ್ಸಾರ ಮಾಡುವವರು ಮೂಗು ಮುರಿಯುತ್ತಾರೆ. ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಗೆಳತಿಯರು ಗಿಣಿಮೂಗು ಎಂದು ಕರೆದು ಅಳಿಸಿದ್ದರು. "ಟೀಚರ್, ಆಪರೇಷನ್ ಮಾಡಿಸಿದರೆ ಹೋಗುತ್ತದಾ?" ಎಂದು ಅವಳು ಕೇಳಿದಳು. ನಾನು ಭಾಷೆ ಕಲಿಸುವವಳು, ವೈದ್ಯಳಲ್ಲ. ಓದಿ ತಿಳಿದು ಅವಳಿಗೆ ಹೇಳಿದ್ದನ್ನು ಅವಳ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

ಮೂಗನ್ನು ಹಂಚಿನ ಮನೆಯ ಮಾಡು ಎಂದುಕೊಳ್ಳಿ. ಮೇಲ್ಭಾಗ ಎಲುಬು, ಕೆಳಭಾಗ ಮೃದ್ವಸ್ಥಿ. ಎರಡು ಹೊಳ್ಳೆಗಳ ನಡುವಿನ ಗೋಡೆ ಈ ಮಾಡನ್ನು ಹೊತ್ತು ನಿಂತಿದೆ. ಎಲುಬು ಮತ್ತು ಮೃದ್ವಸ್ಥಿ ಕೂಡುವಲ್ಲೇ ಸಾಮಾನ್ಯವಾಗಿ ಉಬ್ಬು ಇರುತ್ತದೆ.

ಹೆಚ್ಚು ಬಳಕೆಯಲ್ಲಿರುವ ದಾರಿ ಉಬ್ಬನ್ನು ಮೇಲಿನಿಂದಲೇ ಕತ್ತರಿಸುವುದು. ಅಮೆರಿಕದ ಜಾನ್ ರೋ 1891ರಲ್ಲಿ ಹೊಳ್ಳೆಯೊಳಗಿನಿಂದಲೇ ಉಬ್ಬು ತೆಗೆದ ಬಗ್ಗೆ ಬರೆದರು. 1898ರಲ್ಲಿ ಬರ್ಲಿನ್ನಿನ ಜಾಕ್ ಜೋಸೆಫ್ ತಮ್ಮ ಮೊದಲ ಮೂಗಿನ ಶಸ್ತ್ರಚಿಕಿತ್ಸೆ ಮಾಡಿದರು. ಆ ರೋಗಿ ಮೂಗಿನ ದೆಸೆಯಿಂದ ಜನರ ಮುಂದೆ ಬರಲೇ ನಾಚುತ್ತಿದ್ದ. ನಮ್ಮ ಹುಡುಗಿಯ ನೋವು ಹೊಸದೇನಲ್ಲ. ಹೀಗೆ ಕತ್ತರಿಸಿದಾಗ ಮಾಡಿನ ನೆತ್ತಿಯೇ ಹೋಗಿ ಮೇಲೆ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಲು ಎರಡೂ ಪಕ್ಕದ ಎಲುಬುಗಳನ್ನು ಕತ್ತರಿಸಿ ಒಳಕ್ಕೆ ಸರಿಸುತ್ತಾರೆ. ಇದು ನಿಜವಾಗಿಯೂ ಮೂಗು ಮುರಿಯುವುದೇ! ತೊಂದರೆ ಬರುವುದು ಆಮೇಲೆ. ನಡುಮೂಗು ಕುಸಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಇದನ್ನು ತಡೆಯಲು ನಡುಗೋಡೆಯ ಎರಡೂ ಬದಿಗೆ ಮೃದ್ವಸ್ಥಿಯ ತೆಳು ಪಟ್ಟಿ ಇಡುವ ಕ್ರಮವನ್ನು ಅಮೆರಿಕದ ಜ್ಯಾಕ್ ಶೀನ್ 1984ರಲ್ಲಿ ವಿವರಿಸಿದರು.

ಇನ್ನೊಂದು ದಾರಿಯಲ್ಲಿ ನೆತ್ತಿಯನ್ನು ಒಡೆಯುವುದಿಲ್ಲ. ನಡುಗೋಡೆಯಿಂದ ಒಂದು ಪಟ್ಟಿ ತೆಗೆದು, ಪಕ್ಕದ ಎಲುಬುಗಳನ್ನು ಬುಡದಲ್ಲಿ ಬಿಡಿಸಿ, ಇಡೀ ಮಾಡನ್ನೇ ಕೆಳಗಿಳಿಸುತ್ತಾರೆ. ಎಲುಬನ್ನು ಹಾಗೇ ಒಳಗೆ ಜಾರಿಸಿದರೆ ಪುಷ್ ಡೌನ್. ಬುಡದಿಂದ ಒಂದು ಚೂರು ತೆಗೆದು ಕೂರಿಸಿದರೆ ಲೆಟ್ ಡೌನ್. ಇದೂ ಹಳೆಯದೇ: ಬೋಸ್ಟನ್ನಿನ ಗುಡೇಲ್ 1899ರಲ್ಲೇ ಹೀಗೆ ಮಾಡಿದ್ದರು, 1954ರಲ್ಲಿ ಕಾಟಲ್ ಮುಂದುವರಿಸಿದರು. ಬಹುಕಾಲ ಹಿಂದೆ ಬಿದ್ದಿದ್ದ ಇದಕ್ಕೆ 2018ರ ಸುಮಾರಿಗೆ ಮತ್ತೆ ಗಮನ ಬಂತು. ಮೂಗಿನ ಬೆನ್ನು ಸಹಜವಾಗಿ ಉಳಿಯುತ್ತದೆ ಎಂಬುದು ಲಾಭ. ಆದರೆ ಇಳಿಸಿದ ಉಬ್ಬು ಸ್ವಲ್ಪ ಮರಳಬಹುದು. ತೀರಾ ದೊಡ್ಡ ಉಬ್ಬಿಗೆ, ಹಿಂದೆ ಪೆಟ್ಟು ತಿಂದ ಮೂಗಿಗೆ ಇದು ಸುಲಭವಾಗಿ ಹೊಂದುವುದಿಲ್ಲ. ಹೊಸ ಹೆಸರು ಕೇಳಿದೊಡನೆ ಅದೇ ಉತ್ತಮ ಎನ್ನುವುದು ನನಗೆ ಸರಿಕಾಣುವುದಿಲ್ಲ.

ಹುಡುಗಿಗೆ ನಾನು ಹೇಳಿದ್ದು ಇಷ್ಟು: ನಿನ್ನ ಮುಖದ ಎಲುಬು ಇನ್ನೂ ಬೆಳೆಯುತ್ತಿದೆ, ಅದು ಮುಗಿಯುವವರೆಗೆ ವೈದ್ಯರೂ ಸಾಮಾನ್ಯವಾಗಿ ಕಾಯುತ್ತಾರೆ. ಆಗಲೂ ಬೇಕೆನಿಸಿದರೆ ಅಮ್ಮನ ಜೊತೆ ಹೋಗು. ಯಾವ ದಾರಿ, ನನ್ನ ಮೂಗಿಗೆ ಅದೇ ಏಕೆ, ಉಸಿರಾಟಕ್ಕೆ ಏನಾಗುತ್ತದೆ ಎಂದು ಕೇಳು. ಬಾವು ಪೂರ್ತಿ ಇಳಿಯಲು ಒಂದು ವರ್ಷವೇ ಬೇಕಾಗಬಹುದು ಎಂದಾಗ ಅವಳು, "ಅಷ್ಟು ದಿನವಾ ಟೀಚರ್?" ಎಂದಳು. ಅಡ್ಡಹೆಸರಿಟ್ಟ ಗೆಳತಿಯರನ್ನು ಮಾರನೇ ದಿನ ಸ್ಟಾಫ್ ರೂಮಿಗೆ ಕರೆಸಿದೆ.