ಸಾಕಿದ ಮೀನಿನ ಹೊಟ್ಟೆಯಲ್ಲಿ ಬೂತಾಯಿ



ದೀಪ ಬೇಡ, ಈ ತೊಟ್ಟಿಯ ಸೀಬಾಸ್ ಮೀನುಗಳಿಗೆ ಒಂದು ಹಿಡಿ ಆಹಾರ ಹಾಕಿ, ಅದೇ ಮೇಳದ ಉದ್ಘಾಟನೆ ಎಂದರು ಸಂಘಟಕರು. ಹಾಕಿದೆ. ಅವು ನೀರು ಚಿಮ್ಮಿಸಿ ನನ್ನ ಅಂಗಿಯನ್ನೂ ಉದ್ಘಾಟಿಸಿದವು. ಬಂದು ಕುರ್ಚಿಯಲ್ಲಿ ಕುಳಿತ ಮೇಲೆ ಸುಮ್ಮನೆ ಕೈ ಮೂಸಿಕೊಂಡೆ. ಕಡಲೆಕಾಳಿನ ಗಾತ್ರದ ಆ ಕಂದು ಗುಳಿಗೆಗೆ ಒಣಮೀನಿನ ವಾಸನೆ. ಮೀನುಗಾರಿಕೆ ಧಕ್ಕೆಯ ಪಕ್ಕದಲ್ಲಿ ಬೆಳೆದ ಮೂಗು ನನ್ನದು, ಬೂತಾಯಿ ಎಂಬ ಸಣ್ಣ ಕಡಲ ಮೀನಿನ ವಾಸನೆಯನ್ನು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಬರೆದು ತಂದಿದ್ದ ಭಾಷಣವನ್ನು ಜೇಬಿನಲ್ಲೇ ಬಿಟ್ಟಿದ್ದೇನೆ.

ಮೀನು ಸಾಕಣೆ ಹೆಚ್ಚಿದರೆ ಕಡಲಿಗೆ ಬಿಡುವು ಸಿಗುತ್ತದೆ ಎಂದು ನಾನೂ ನಂಬಿದ್ದವನೇ, ಹಾಗೆಂದು ಬರೆದವನೇ. ಆದರೆ ಸಾಕಿದ ಮೀನೂ ಉಣ್ಣಬೇಕಲ್ಲ? ಸೀಬಾಸ್ ಹುಟ್ಟಾ ಮೀನುತಿನ್ನಿ. ನಮ್ಮ ಅಳಿವೆಗಳ ಪಂಜರಗಳಲ್ಲಿ ಅದಕ್ಕೆ ಅಗ್ಗದ ಹಸಿ ಮೀನನ್ನೇ ಕತ್ತರಿಸಿ ಹಾಕುವ ರೂಢಿ ಉಂಟು. ಒಂದು ಕಿಲೋ ಸೀಬಾಸ್ ಬೆಳೆಯುವಷ್ಟರಲ್ಲಿ ಆರೇಳು ಕಿಲೋ ಸಣ್ಣ ಮೀನು ಒಳಗೆ ಹೋಗಿರುತ್ತದೆ. ಗುಳಿಗೆಯ ಲೆಕ್ಕ ಇಷ್ಟು ದುಬಾರಿಯಲ್ಲ, ಆದರೂ ಅದರೊಳಗಿನ ಮೀನುಪುಡಿ ಆಕಾಶದಿಂದ ಉದುರಿದ್ದಲ್ಲ. ನಾಲ್ಕೈದು ಕಿಲೋ ಹಸಿ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ, ಪುಡಿ ಮಾಡಿದರೆ ಒಂದು ಕಿಲೋ ಪುಡಿ. ಹಿಂಡುವಾಗ ಇಳಿದದ್ದು ಮೀನೆಣ್ಣೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಹೀಗೆ ಪುಡಿ, ಎಣ್ಣೆಯಾದ ಮೀನು ಸುಮಾರು 1.7 ಕೋಟಿ ಟನ್.

ಕಳೆದ ವರ್ಷ ಒಂದು ಬೆಳಿಗ್ಗೆ ಧಕ್ಕೆಗೆ ಹೋಗಿದ್ದೆ. ಸುತ್ತುಬಲೆಯ ಪರ್ಸೀನ್ ಬೋಟು ಬಂದಿತ್ತು. ಬೂತಾಯಿ ರಾಶಿ ರಾಶಿ, ಒಂದೊಂದೂ ನನ್ನ ತೋರುಬೆರಳಿಗಿಂತ ಗಿಡ್ಡ. ಅದಕ್ಕೆ ಐಸಿಲ್ಲ, ಬುಟ್ಟಿಯಿಲ್ಲ, ದೊಡ್ಡದು ಸಣ್ಣದು ಆರಿಸುವವರಿಲ್ಲ. ಸಲಿಕೆಯಲ್ಲಿ ಎತ್ತಿ ನೇರ ಟೆಂಪೊಗೆ. ತಿನ್ನುವ ಮೀನನ್ನು ಯಾರೂ ಸಲಿಕೆಯಲ್ಲಿ ಎತ್ತುವುದಿಲ್ಲ, ಅಷ್ಟರಲ್ಲೇ ಗೊತ್ತಾಯಿತು ಅದು ಮೀನುಪುಡಿ ಮಾಡುವ ಫಿಶ್ ಮಿಲ್ಲಿಗೆ ಹೊರಟದ್ದೆಂದು. ಪಕ್ಕದಲ್ಲಿ ಖಾಲಿ ಬುಟ್ಟಿ ಬೋರಲು ಹಾಕಿ ಕೂತಿದ್ದ ಅಕ್ಕ ಒಬ್ಬರು, "ಎಂಥ ಮಾಡುದು ಮಾರಾಯ್ರೆ, ಬೂತಾಯಿ ಬಂದದ್ದು ನಮಗೆ ಟೆಂಪೊದ ನೀರು ರಸ್ತೆಗೆ ಬಿದ್ದಾಗ ಗೊತ್ತಾಗುದು" ಎಂದರು.

ಬೂತಾಯಿ ಸಾಮಾನ್ಯವಾಗಿ ಹದಿನೈದು ಸೆಂಟಿಮೀಟರ್ ಆಸುಪಾಸಿಗೆ ಬಂದ ಮೇಲೆ ಮೊಟ್ಟೆಯಿಡಲು ತಯಾರಾಗುತ್ತದೆ. ಬೆರಳುದ್ದದ್ದು ಸಲಿಕೆಗೆ ಬಂತೆಂದರೆ ಅದರ ಸಂಸಾರವೂ ಅಲ್ಲಿಗೆ ಮುಗಿಯಿತು. ಪಕ್ಕದ ಕೇರಳವನ್ನು ನೋಡಿ. ಅಲ್ಲಿ ಇದೇ ಮೀನು ಮತ್ತಿ. 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದು 2021ಕ್ಕೆ 3,297 ಟನ್ನಿಗೆ ಬಿತ್ತು. ಎಲ್ಲವನ್ನೂ ಮಿಲ್ಲಿನ ತಲೆಗೆ ಕಟ್ಟಲಾರೆ. ಕಡಲು ಬಿಸಿಯಾದದ್ದು, ಎಲ್‌ನಿನೊ, ಮಳೆಗಾಲದ ಏರುಪೇರು ಎಲ್ಲ ಸೇರಿದೆ. ಆಮೇಲೆ ಮತ್ತಿ ಮರಳಿಯೂ ಬಂತು. ಆದರೆ ಕಡಲೇ ಮುನಿದ ವರ್ಷ ಮರಿಯನ್ನೂ ಬಾಚಿಕೊಂಡರೆ ಮರಳಿ ಬರಲು ಉಳಿಯುವುದೇನು?

ಇದು ನಮ್ಮ ದಂಡೆಯ ಕತೆ ಮಾತ್ರವಲ್ಲ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಬೂತಾಯಿಯ ದಾಯಾದಿಯೇ ಬಡವರ ಅನ್ನದ ಮೇಲಿನ ಮೀನು. ಅಲ್ಲೂ ಪಕ್ಕದ ಗ್ಯಾಂಬಿಯಾ, ಮಾರಿಟೇನಿಯಗಳಲ್ಲೂ ಅದು ಮಿಲ್ಲು ಸೇರಿ, ಪುಡಿಯಾಗಿ, ಎಣ್ಣೆಯಾಗಿ ಪರದೇಶದ ಸಾಕು ಮೀನುಗಳ ಬಾಯಿಗೆ ಹೋಗುತ್ತದೆ. ಹೊಗೆಯಲ್ಲಿ ಮೀನು ಒಣಗಿಸಿ ಮಾರುತ್ತಿದ್ದ ಹೆಂಗಸರಿಗೆ ಮಿಲ್ಲಿನ ದರಕ್ಕೆ ಪೈಪೋಟಿ ಕೊಡಲಾಗುವುದಿಲ್ಲ. ಧಕ್ಕೆಯ ಅಕ್ಕನ ಬೋರಲು ಬುಟ್ಟಿ ಅಲ್ಲಿಯೂ ಉಂಟು ಎಂದಾಯಿತು.

ಮೇವಿನಲ್ಲಿ ಮೀನಿನ ಪಾಲು ಕಡಿಮೆಯಾಗುತ್ತಿದೆಯಲ್ಲ ಎಂದು ಯಾರಾದರೂ ಕೇಳಬಹುದು. ನಿಜವೇ. ನಾರ್ವೆಯ ಸಾಲ್ಮನ್ ಮೇವಿನಲ್ಲಿ 1990ರ ಹೊತ್ತಿಗೆ ನೂರಕ್ಕೆ ತೊಂಬತ್ತರಷ್ಟು ಮೀನುಪುಡಿ, ಮೀನೆಣ್ಣೆಯೇ ಇತ್ತು. 2020ಕ್ಕೆ ಅದು ಇಪ್ಪತ್ತೆರಡರ ಹತ್ತಿರ ಇಳಿಯಿತು. ಆದರೆ ಅಷ್ಟರಲ್ಲಿ ಅಲ್ಲಿನ ಸಾಲ್ಮನ್ ಉತ್ಪಾದನೆ ಒಂಬತ್ತು ಪಟ್ಟಿನ ಹತ್ತಿರ ಏರಿತ್ತು. ತಟ್ಟೆಯಲ್ಲಿ ಮೀನು ಕಮ್ಮಿಯಾಯಿತು, ಪಂಕ್ತಿ ಉದ್ದವಾಯಿತು. ಉಳಿದ ಜಾಗಕ್ಕೆ ಬಂದ ಸೋಯಾದ ದೊಡ್ಡ ಪಾಲು ಬ್ರೆಜಿಲ್‌ನದು. ಅದರ ಪುರಾಣ ಇನ್ನೊಂದು ದಿನಕ್ಕಿರಲಿ.

ಫಿಶ್ ಮಿಲ್ ನಡೆಸುವವರು ಸಭೆಯಲ್ಲಿದ್ದೀರಿ, ಮುಖ ಬಿಗಿದಿರುವುದು ಕಾಣುತ್ತಿದೆ. ಮುಚ್ಚಿ ಎಂದು ನಾನು ಹೇಳುವುದಿಲ್ಲ. ಬಲೆ ತುಂಬಿ ದರ ನೆಲಕಚ್ಚಿದ ದಿನ ಬೋಟಿನವರ ಡೀಸೆಲ್ ದುಡ್ಡು ಹುಟ್ಟುವುದು ನಿಮ್ಮ ಗೇಟಿನಲ್ಲೇ. ಮೀನು ಕತ್ತರಿಸಿ ರಫ್ತು ಮಾಡುವ ಕಾರ್ಖಾನೆಗಳ ತಲೆ, ಮುಳ್ಳು, ಕರುಳನ್ನು ಪುಡಿ ಮಾಡಿದರೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಜಗತ್ತಿನ ಮೀನುಪುಡಿಯಲ್ಲಿ ಮೂರರಲ್ಲಿ ಒಂದು ಪಾಲು ಈಗ ಹಾಗೆಯೇ ಬರುತ್ತಿದೆ. ನನ್ನ ತಕರಾರು ಬೆರಳುದ್ದದ ಬೂತಾಯಿಯ ಬಗ್ಗೆ ಮಾತ್ರ. ನಿಮ್ಮ ಗೇಟಿನಲ್ಲಿ ತಕ್ಕಡಿ ಇದೆ, ಅದರ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಇಡಿ. ಮರಿಗೆ ಕೊಳ್ಳುವವರಿಲ್ಲ ಎಂದಾದರೆ ಬಲೆಯ ಕಣ್ಣು ತಾನಾಗಿ ದೊಡ್ಡದಾಗುತ್ತದೆ.

ಸಾಕುವವರಿಗೂ ಒಂದು ಮಾತು. ಘಟ್ಟದ ಮೇಲಿನ ನಮ್ಮ ರೈತರು ಕಟ್ಲ, ರೋಹು, ಮೃಗಾಲ್‌ಗಳನ್ನು ಅಕ್ಕಿ ತೌಡು, ಶೇಂಗಾ ಹಿಂಡಿಯಲ್ಲೇ ಬೆಳೆಸುತ್ತಾರೆ. ಕಟ್ಲ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ, ಒಂದೇ ಕೆರೆಯಲ್ಲಿ ಮೂರು ಅಂತಸ್ತು. ನಮ್ಮ ಅಳಿವೆಯ ಚಿಪ್ಪುಮೀನು ಪಚ್ಚಿಲೆ ಅದಕ್ಕೂ ಮೇಲು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ನೀರು ಸೋಸಿಕೊಂಡು ತಾನೇ ಬೆಳೆಯುತ್ತದೆ, ನಯಾಪೈಸೆಯ ಮೇವು ಕೇಳುವುದಿಲ್ಲ. ಸೀಬಾಸ್ ಸಾಕಬೇಡಿ ಅನ್ನುತ್ತಿಲ್ಲ, ರುಚಿ ನನಗೂ ಗೊತ್ತು. ಮೇವಿನ ಮೂಟೆ ಕೊಳ್ಳುವಾಗ ಇದರೊಳಗಿನ ಮೀನು ಯಾವುದು, ಎಲ್ಲಿಯದು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಸಿಗಲಿಕ್ಕಿಲ್ಲ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಸಿಕ್ಕೀತು.

ಮೇಳ ಶುರುವಾಗಿದೆ. ಪಚ್ಚಿಲೆ ಸುಕ್ಕದ ಮಳಿಗೆ ಎಡಗಡೆ ಮೂರನೆಯದಂತೆ, ಒಗ್ಗರಣೆಯ ಘಮ ಇಲ್ಲಿಯವರೆಗೂ ಬರುತ್ತಿದೆ. ಕೈ ತೊಳೆದುಕೊಂಡು ನಾನು ಅಲ್ಲಿಗೇ ಹೊರಟೆ.