ಪಕ್ಷವಿಲ್ಲದ ಪ್ರತಿನಿಧಿ ಸದನದಲ್ಲಿ ಏನು ಮಾಡಬಲ್ಲರು?



‘ಪಕ್ಷೇತರ’ ಎಂಬ ಪದ ಕಿವಿಗೆ ಬಿದ್ದೊಡನೆ ಕರ್ನಾಟಕದ ನಮಗೆ ನೆನಪಾಗುವುದು ಸದನದ ಚರ್ಚೆಯಲ್ಲ, ಸರಕಾರ ರಚನೆಯ ಲೆಕ್ಕಾಚಾರ. 2008ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 110 ಸ್ಥಾನಗಳು ದೊರೆತವು. ಬಹುಮತಕ್ಕೆ ಮೂರು ಸ್ಥಾನಗಳ ಕೊರತೆಯಿತ್ತು. ಗೆದ್ದು ಬಂದಿದ್ದ ಆರು ಮಂದಿ ಪಕ್ಷೇತರರ ಪೈಕಿ ಐವರು ಬೆಂಬಲ ನೀಡಿ ಮಂತ್ರಿಗಳಾದರು. 2010ರ ಅಕ್ಟೋಬರ್‌ನಲ್ಲಿ ಆಡಳಿತ ಪಕ್ಷದ 11 ಶಾಸಕರೊಂದಿಗೆ ಐವರು ಪಕ್ಷೇತರರನ್ನೂ ಸ್ಪೀಕರ್ ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಇಷ್ಟೂ ಕಾಲ ಪತ್ರಿಕೆಗಳಲ್ಲಿ, ಹೋಟೆಲುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಜನರು ಚರ್ಚಿಸಿದ್ದು ಒಂದೇ ವಿಷಯ: ಯಾರು ಯಾವ ಕಡೆಗೆ ಹೋದರು? ಯಾವ ಮಸೂದೆಯ ಮೇಲೆ ಯಾರು ಏನು ಮಾತನಾಡಿದರು ಎಂಬುದು ಪ್ರಶ್ನೆಯೇ ಆಗಲಿಲ್ಲ.

ಶಾಸನ ಸಭೆ ಇರುವುದು ತಲೆ ಎಣಿಸುವುದಕ್ಕೆ ಮಾತ್ರವೇ? ಪಕ್ಷವೂ ಇಲ್ಲದ, ಮಂತ್ರಿ ಪದವಿಯೂ ಇಲ್ಲದ, ಸರಕಾರವನ್ನು ಉರುಳಿಸುವ ಶಕ್ತಿಯೂ ಇಲ್ಲದ ಒಬ್ಬ ಸದಸ್ಯರು ಅಲ್ಲಿ ಏನನ್ನಾದರೂ ಸಾಧಿಸಬಲ್ಲರೇ? ಈ ಪ್ರಶ್ನೆಗೆ ಉತ್ತರವಾಗಿ ಬ್ರಿಟಿಷ್ ಸಂಸತ್ತಿನ ಇತಿಹಾಸದಿಂದ ಒಬ್ಬ ಮಹಿಳೆಯ ಉದಾಹರಣೆಯನ್ನು ನಾವು ತಮ್ಮ ಮುಂದಿಡಲು ಬಯಸುತ್ತೇವೆ. ಅವರ ಹೆಸರು ಎಲಿನೋರ್ ರಾತ್‌ಬೋನ್. ಅವರು ನಮ್ಮ ಧರ್ಮದವರಲ್ಲ, ನಮ್ಮ ದೇಶದವರೂ ಅಲ್ಲ. ನಮ್ಮ ದೇಶದ ಕುರಿತು ಅವರು ಹೇಳಿದ್ದೆಲ್ಲವೂ ನಮಗೆ ಒಪ್ಪಿಗೆಯಾಗುವಂಥದ್ದೂ ಅಲ್ಲ. ಆದರೆ ಯಾವುದೇ ಜನಾಂಗದ ಮೇಲಿನ ಅಸಮಾಧಾನವು ನ್ಯಾಯದಿಂದ ನಮ್ಮನ್ನು ವಿಮುಖಗೊಳಿಸಬಾರದೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಆದುದರಿಂದ ಒಳಿತನ್ನು ಒಳಿತೆಂದೂ ತಪ್ಪನ್ನು ತಪ್ಪೆಂದೂ ಹೇಳುತ್ತಾ ಅವರ ಬದುಕನ್ನು ಅವಲೋಕಿಸೋಣ.

1872ರಲ್ಲಿ ಜನಿಸಿದ ರಾತ್‌ಬೋನ್ ಲಿವರ್‌ಪೂಲಿನ ಶ್ರೀಮಂತ ವರ್ತಕ ಮನೆತನಕ್ಕೆ ಸೇರಿದವರು. ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ ಓದಿದರು. ಮಹಿಳೆಯರಿಗೆ ಪದವಿ ಪ್ರದಾನ ಮಾಡುವ ಪದ್ಧತಿ ಆಗ ಅಲ್ಲಿರಲಿಲ್ಲ. 1909ರಲ್ಲಿ ಪಕ್ಷೇತರರಾಗಿ ಲಿವರ್‌ಪೂಲ್ ನಗರಾಡಳಿತಕ್ಕೆ ಆಯ್ಕೆಯಾದರು. ಅಲ್ಲಿಗೆ ಆಯ್ಕೆಯಾದ ಪ್ರಥಮ ಮಹಿಳೆ ಅವರೇ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಸೈನಿಕರ ಪತ್ನಿಯರಿಗೆ ಭತ್ಯೆ ತಲುಪಿಸುವ ಹೊಣೆ ಹೊತ್ತರು. ಆ ಕೆಲಸದಲ್ಲಿ ಅವರಿಗೆ ಒಂದು ಸತ್ಯ ಗೋಚರಿಸಿತು. ಹಣವು ನೇರವಾಗಿ ತಾಯಿಯ ಕೈಗೆ, ತಪ್ಪದೆ, ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಬಂದಾಗ ಬಡ ಕುಟುಂಬದ ಸ್ಥಿತಿ ಸುಧಾರಿಸುತ್ತದೆ. ಈ ಒಂದು ಅನುಭವವೇ ಅವರ ಮುಂದಿನ ಹೋರಾಟದ ಬೀಜ. 1917ರಿಂದ ಕುಟುಂಬ ಭತ್ಯೆಗಾಗಿ ಸಂಘಟಿತ ಪ್ರಯತ್ನಕ್ಕೆ ಇಳಿದರು. 1924ರಲ್ಲಿ ಅದೇ ವಿಷಯದ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದರು. ಅವಿವಾಹಿತನಿಗೂ ಐದು ಮಕ್ಕಳ ತಂದೆಗೂ ಒಂದೇ ಕೂಲಿ ದೊರೆಯುವ ವ್ಯವಸ್ಥೆಯಲ್ಲಿ ಮಕ್ಕಳ ಹಸಿವಿಗೆ ಯಾರು ಹೊಣೆ ಎಂಬುದು ಅವರ ಮೂಲ ಪ್ರಶ್ನೆಯಾಗಿತ್ತು. ಭತ್ಯೆ ಬಂದರೆ ಮಾಲಕರು ಕೂಲಿ ಕಡಿತಗೊಳಿಸಬಹುದೆಂದು ಕಾರ್ಮಿಕ ಸಂಘಗಳು ಶಂಕಿಸಿದವು. ಹೀಗೆ ಬಡವರ ಪರವಾದ ಬೇಡಿಕೆಯನ್ನು ಬಡವರ ಸಂಘಟನೆಗಳೇ ಬಹುಕಾಲ ಸಂದೇಹದಿಂದ ಕಂಡವು.

1922ರಲ್ಲಿ ಸಂಸತ್ತಿಗೆ ಸ್ಪರ್ಧಿಸಿ ಸೋತರು. 1929ರಲ್ಲಿ ಇಂಗ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳ ಸಂಯುಕ್ತ ಕ್ಷೇತ್ರದಿಂದ ಪಕ್ಷೇತರರಾಗಿಯೇ ಗೆದ್ದರು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಂತೆ ಅಲ್ಲಿಯೂ ಮತದಾರರು ಪದವೀಧರರೇ. 1946ರ ಜನವರಿಯಲ್ಲಿ ನಿಧನರಾಗುವವರೆಗೆ ಅದೇ ಕ್ಷೇತ್ರವನ್ನು ಪ್ರತಿನಿಧಿಸಿದರು. ಈ ಅವಧಿಯಲ್ಲಿ ಅವರು ಒಮ್ಮೆಯೂ ಮಂತ್ರಿಯಾಗಲಿಲ್ಲ. ಅವರ ಬಳಿ ಇದ್ದ ಸಾಧನಗಳು ನಾಲ್ಕು: ಮಂತ್ರಿಗಳಿಗೆ ಪ್ರಶ್ನೆ, ಚರ್ಚೆಯಲ್ಲಿ ಭಾಷಣ, ಮಸೂದೆಗೆ ತಿದ್ದುಪಡಿ ಮತ್ತು ವಿವಿಧ ಪಕ್ಷಗಳ ಸದಸ್ಯರನ್ನು ಒಂದು ವಿಷಯದ ಮೇಲೆ ಒಗ್ಗೂಡಿಸುವ ಸಮಿತಿ. ಈ ನಾಲ್ಕೂ ಸಾಧನಗಳು ಇಂದು ನಮ್ಮ ಯಾವ ಶಾಸಕನ ಬಳಿ ಇಲ್ಲ?

ಅವರ ಸಂಸದೀಯ ಬದುಕಿನ ಎರಡು ಪ್ರಸಂಗಗಳನ್ನು ವಿವರವಾಗಿ ಹೇಳಬೇಕಾಗಿದೆ. ಮೊದಲನೆಯದು 1940ರದು. ಫ್ರಾನ್ಸ್ ಶರಣಾಗಿತ್ತು. ಮುಂದಿನ ಸರದಿ ಬ್ರಿಟನ್ನಿನದೆಂಬ ಭೀತಿ ದೇಶವನ್ನು ಆವರಿಸಿತ್ತು. ಜರ್ಮನಿ, ಆಸ್ಟ್ರಿಯಾ, ಇಟೆಲಿ ಮೂಲದ ಸುಮಾರು 27,000 ಮಂದಿಯನ್ನು ‘ಶತ್ರು ದೇಶದವರು’ ಎಂಬ ಹಣೆಪಟ್ಟಿ ಹಚ್ಚಿ ಬಂಧನ ಶಿಬಿರಗಳಿಗೆ ಅಟ್ಟಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಹಿಟ್ಲರನಿಂದಲೇ ತಪ್ಪಿಸಿಕೊಂಡು ಬಂದ ನಿರಾಶ್ರಿತರು. ಜುಲೈ 2ರಂದು ಬಂಧಿತರನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ಅರಾಂಡೋರಾ ಸ್ಟಾರ್ ಎಂಬ ಹಡಗು ಜರ್ಮನ್ ದಾಳಿಗೆ ಸಿಲುಕಿ ಮುಳುಗಿತು. 800ಕ್ಕೂ ಹೆಚ್ಚು ಜೀವಗಳು ಸಮುದ್ರದ ಪಾಲಾದವು. ಜುಲೈ 10ರಂದು ಹೌಸ್ ಆಫ್ ಕಾಮನ್ಸ್‌ನಲ್ಲಿ ಈ ಬಂಧನಗಳ ಕುರಿತು ಚರ್ಚೆ ನಡೆಯಿತು. ಇತರ ಕೆಲವು ಸದಸ್ಯರೊಂದಿಗೆ ರಾತ್‌ಬೋನ್ ಎದ್ದು ನಿಂತರು. ದೇಶದ ಭದ್ರತೆ ಅಗತ್ಯ ಎಂಬುದನ್ನು ಅವರು ನಿರಾಕರಿಸಲಿಲ್ಲ. ಆದರೆ ಹುಟ್ಟಿದ ದೇಶವೊಂದನ್ನೇ ಅಪರಾಧವೆಂದು ಪರಿಗಣಿಸುವುದು ಭದ್ರತೆಯಲ್ಲ, ಪ್ರತಿಯೊಬ್ಬನ ವಿಷಯವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು ಎಂಬುದು ಅವರ ನಿಲುವಾಗಿತ್ತು. ಸ್ವತಃ ಶಿಬಿರಕ್ಕೆ ಹೋಗಿ ಕಂಡರು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಅದೇ ತಿಂಗಳ ಕೊನೆಗೆ, ಯಾವ ಯಾವ ವರ್ಗದವರು ಬಿಡುಗಡೆಗೆ ಅರ್ಹರೆಂಬುದನ್ನು ಸರಕಾರ ಪ್ರಕಟಿಸಬೇಕಾಯಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಆ ಶಿಬಿರಗಳಲ್ಲಿದ್ದ ನಿರಾಶ್ರಿತರಿಗೆ ಮತವಿರಲಿಲ್ಲ. ಅವರ ಪರ ಮಾತನಾಡಿದರೆ ಚುನಾವಣೆಯಲ್ಲಿ ಲಾಭವಿಲ್ಲ, ದೇಶದ್ರೋಹಿ ಎಂಬ ಬಿರುದಂತೂ ಸಿಗಬಹುದಿತ್ತು. ಎರಡನೆಯದಾಗಿ, ಚರ್ಚೆ ನಡೆದದ್ದು ಯುದ್ಧ ಮುಗಿದ ಮೇಲಲ್ಲ. ಶತ್ರು ಬಾಗಿಲಿಗೆ ಬಂದಿದ್ದ ಹೊತ್ತಿನಲ್ಲಿ. ಸಂಶಯದ ಆಧಾರದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದು ನಿರ್ದೋಷಿಗಳಾಗಿ ಹೊರಬಂದವರ ಕಥೆ ನಮ್ಮ ಮನೆಗಳಿಗೆ ಅಪರಿಚಿತವಲ್ಲ. 2002ರ ಅಕ್ಷರಧಾಮ ದಾಳಿ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಆರು ಮಂದಿಯನ್ನು ಸುಪ್ರೀಂ ಕೋರ್ಟ್ ನಿರ್ದೋಷಿಗಳೆಂದು ಘೋಷಿಸಿದ್ದು 2014ರ ಮೇ 16ರಂದು. ಅವರಲ್ಲಿ ಮೂವರಿಗೆ ಗಲ್ಲು ಶಿಕ್ಷೆಯಾಗಿತ್ತು. ನ್ಯಾಯಾಲಯ ಕೊನೆಗೆ ನ್ಯಾಯ ನೀಡಿತು, ನಿಜ. ಆದರೆ ಕಳೆದುಹೋದ ವರ್ಷಗಳ ಕುರಿತು ಸದನದಲ್ಲಿ ಪ್ರಶ್ನೆ ಕೇಳುವುದು ಯಾರ ಕೆಲಸ?

ಎರಡನೆಯ ಪ್ರಸಂಗ 1945ರದು. ಬೆವರಿಜ್ ವರದಿಯ ನಂತರ ಕುಟುಂಬ ಭತ್ಯೆಯ ಮಸೂದೆಯನ್ನು ಸರಕಾರವೇ ಮಂಡಿಸಿತು. ಎರಡನೆಯ ಮಗುವಿನಿಂದ ಆರಂಭಿಸಿ ಪ್ರತಿ ಮಗುವಿಗೆ ವಾರಕ್ಕೆ 5 ಶಿಲ್ಲಿಂಗ್. ಕಾಲು ಶತಮಾನಕ್ಕೂ ಮಿಕ್ಕಿದ ಹೋರಾಟಕ್ಕೆ ಫಲ ಸಿಗುವ ಗಳಿಗೆ ಅದು. ಆದರೆ ಮಸೂದೆಯಲ್ಲಿ ಆ ಹಣ ತಂದೆಗೆ ಸೇರಿದ್ದೆಂದು ಬರೆದಿತ್ತು. ಬೇರೆ ಯಾರಾದರೂ ಆಗಿದ್ದರೆ, ಸಿಕ್ಕಿದ್ದೇ ಸಾಕು ಎಂದು ಸುಮ್ಮನಾಗುತ್ತಿದ್ದರು. 72 ವರ್ಷದ ರಾತ್‌ಬೋನ್ ಸುಮ್ಮನಾಗಲಿಲ್ಲ. ಮಕ್ಕಳನ್ನು ಹೆತ್ತು ಸಾಕುವ ತಾಯಿಗೆ ಇದು ಅವಮಾನ, ಇದನ್ನು ತಿದ್ದದಿದ್ದರೆ ತಮ್ಮ ಜೀವಮಾನದ ಕನಸಾದ ಈ ಮಸೂದೆಗೇ ತಾವು ಮತ ನೀಡಲಾರೆವೆಂದು ಸದನದಲ್ಲಿ ಎಚ್ಚರಿಸಿದರು. ವಿವಿಧ ಪಕ್ಷಗಳ ಸದಸ್ಯರು ಅವರ ಬೆಂಬಲಕ್ಕೆ ನಿಂತರು. ಸರಕಾರವು ಈ ಅಂಶದ ಮೇಲೆ ಸದಸ್ಯರಿಗೆ ತಮ್ಮ ಇಷ್ಟದಂತೆ ಮತ ಹಾಕಲು ಬಿಟ್ಟಿತು. ಹಣ ತಾಯಿಯ ಕೈಗೆ ಎಂದು ಕಾನೂನು ಬದಲಾಯಿತು. 1945ರ ಜೂನ್‌ನಲ್ಲಿ ಅದು ಅಂಗೀಕೃತವಾಯಿತು. 1946ರ ಆಗಸ್ಟ್‌ನಲ್ಲಿ ತಾಯಂದಿರು ಮೊದಲ ಭತ್ಯೆ ಪಡೆದರು. ಅದನ್ನು ನೋಡಲು ರಾತ್‌ಬೋನ್ ಬದುಕಿರಲಿಲ್ಲ.

ಇನ್ನು ಅವರ ಮಿತಿಗಳ ಬಗ್ಗೆ. ಭಾರತದ ಬಾಲ್ಯವಿವಾಹದ ಕುರಿತು ಅವರಿಗೆ ತೀವ್ರ ಕಾಳಜಿಯಿತ್ತು. ಆದರೆ ಆಳುವ ದೇಶದವರು ಆಳಿಸಿಕೊಳ್ಳುವವರನ್ನು ತಿದ್ದಲು ಹೊರಟ ಧೋರಣೆಯೂ ಅದರಲ್ಲಿತ್ತು. 1929ರಲ್ಲಿ ಭಾರತೀಯ ಮಹಿಳೆಯರ ಸ್ಥಿತಿಗತಿಯ ಬಗ್ಗೆ ಅವರ ನೇತೃತ್ವದಲ್ಲಿ ಲಂಡನ್ನಿನಲ್ಲಿ ಸಮ್ಮೇಳನ ನಡೆದಾಗ, ಭಾರತದ ಸಾಮಾಜಿಕ ಪಿಡುಗುಗಳ ಬಗ್ಗೆ ತೀರ್ಪು ನೀಡಲು ಬ್ರಿಟಿಷ್ ಮಹಿಳೆಯರಿಗೆ ಯಾವ ಅಧಿಕಾರವಿದೆಯೆಂದು ಆಕ್ಷೇಪಿಸಿದವರು ನಮ್ಮ ಹುಬ್ಬಳ್ಳಿಯಲ್ಲಿ ಜನಿಸಿದ ಧನವಂತಿ ರಾಮರಾವ್. 1941ರಲ್ಲಿ ರಾತ್‌ಬೋನ್ ಭಾರತೀಯರಿಗೆ ಬಹಿರಂಗ ಪತ್ರ ಬರೆದು ಯುದ್ಧದಲ್ಲಿ ಬ್ರಿಟನ್ನಿಗೆ ಸಹಕರಿಸದ್ದಕ್ಕಾಗಿ ಟೀಕಿಸಿದಾಗ, ರೋಗಶಯ್ಯೆಯಲ್ಲಿದ್ದ ರವೀಂದ್ರನಾಥ ಠಾಕೂರರು ಅದಕ್ಕೆ ಖಾರವಾದ ಉತ್ತರ ನೀಡಿದರು. ನಿರಾಶ್ರಿತ ಯಹೂದಿಯರಿಗಾಗಿ ಮಿಡಿದ ಅವರು, ಅವರನ್ನು ಫೆಲೆಸ್ತೀನಿಗೆ ಕಳುಹಿಸುವುದನ್ನು ಸಮರ್ಥಿಸುವಾಗ ಆ ಮಣ್ಣಿನ ಅರಬರ ಹಕ್ಕಿಗೆ ತಕ್ಕ ತೂಕ ಕೊಡಲಿಲ್ಲ. ನೊಂದವರಿಗೆ ನ್ಯಾಯ ಕೊಡಿಸುವಾಗ ಮತ್ತೊಬ್ಬರನ್ನು ನೋಯಿಸಬಾರದೆಂಬ ಪಾಠವನ್ನೂ ಅವರ ಬದುಕಿನಿಂದ ಕಲಿಯಬೇಕಾಗಿದೆ.

ಸಹೋದರರೇ, ನಮ್ಮ ದೇಶದಲ್ಲಿ ಇಂತಹ ಪರಂಪರೆ ಇಲ್ಲವೆಂದು ಭಾವಿಸಬೇಡಿ. ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಕಾನೂನಾದ ಮೊಟ್ಟಮೊದಲ ಖಾಸಗಿ ಮಸೂದೆ ಯಾವುದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅದು ಮುಸ್ಲಿಮ್ ವಕ್ಫ್ ಮಸೂದೆ. ಮಂಡಿಸಿದವರು ಲೋಕಸಭಾ ಸದಸ್ಯ ಸೈಯದ್ ಮುಹಮ್ಮದ್ ಅಹ್ಮದ್ ಕಾಝ್ಮಿ. 1952ರಲ್ಲಿ ಮಂಡನೆಯಾದ ಅದು 1954ರಲ್ಲಿ ಕಾನೂನಾಯಿತು. ಆ ಬಳಿಕ ಹದಿಮೂರು ಖಾಸಗಿ ಮಸೂದೆಗಳು ಮಾತ್ರ ಕಾನೂನಾಗಿವೆ. 1970ರ ನಂತರ ಒಂದೂ ಇಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಸದಸ್ಯರು ಪಕ್ಷದ ವಿಪ್ ಮೀರಿ ಮತ ಹಾಕುವಂತಿಲ್ಲ ಎಂಬುದು ನಿಜ. ಆದರೆ ವಿಪ್ ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಕೇಳುವ ನಾಲಗೆಯನ್ನಲ್ಲ. ಮೌನಕ್ಕೆ ಕಾನೂನನ್ನು ನೆಪವಾಗಿಸುವಂತಿಲ್ಲ.

ಒಬ್ಬ ಜನಪ್ರತಿನಿಧಿಯನ್ನು ನಾವು ಅಳೆಯುವ ಮಾನದಂಡವೇನು? ಮದುವೆಗೆ ಬಂದರೇ, ಇಫ್ತಾರ್ ಕೂಟದಲ್ಲಿ ಟೊಪ್ಪಿ ಧರಿಸಿದರೇ, ಮಸೀದಿಯ ಆವರಣ ಗೋಡೆಗೆ ಅನುದಾನ ಕೊಟ್ಟರೇ? ಇವು ಸೌಜನ್ಯಗಳು. ಪ್ರಾತಿನಿಧ್ಯ ಬೇರೆ. ಕಳೆದ ಅಧಿವೇಶನದಲ್ಲಿ ತಾವು ಎಷ್ಟು ಪ್ರಶ್ನೆ ಕೇಳಿದಿರಿ, ಯಾವ ಮಸೂದೆಗೆ ಯಾವ ತಿದ್ದುಪಡಿ ಸೂಚಿಸಿದಿರಿ ಎಂದು ವಿನಯದಿಂದ ಕೇಳುವ ಅಭ್ಯಾಸ ನಮ್ಮ ಜಮಾಅತ್‌ಗಳಲ್ಲಿ ಬೆಳೆಯಬೇಕು. ಸದನದ ನಡಾವಳಿಗಳು ಪ್ರಕಟವಾಗುತ್ತವೆ, ಯಾರೂ ಓದಬಹುದು. ನಮ್ಮ ವಿದ್ಯಾವಂತ ಯುವಕ ಯುವತಿಯರು 2005ರ ಮಾಹಿತಿ ಹಕ್ಕು ಕಾನೂನನ್ನು ಬಳಸಿ ಶಾಲೆ, ವಿದ್ಯಾರ್ಥಿವೇತನ, ಆಸ್ಪತ್ರೆಗಳ ಅಂಕಿಅಂಶ ಸಂಗ್ರಹಿಸಿ ಪ್ರತಿನಿಧಿಯ ಕೈಗಿತ್ತರೆ ಅವರ ಭಾಷಣಕ್ಕೆ ಬಲ ಬರುತ್ತದೆ. ರಾತ್‌ಬೋನ್‌ರ ಮಾತಿಗೆ ತೂಕ ಬಂದದ್ದು ಕಂಠದ ಏರುದನಿಯಿಂದಲ್ಲ, ಕಲೆಹಾಕಿದ ವಿವರಗಳಿಂದ. ನಮ್ಮ ಬೇಡಿಕೆಯೂ ನಮ್ಮ ಸಮುದಾಯದ ಗಡಿಯಲ್ಲಿ ನಿಲ್ಲಬಾರದು. ದಲಿತನ ಮೇಲೆ, ವಲಸೆ ಕಾರ್ಮಿಕನ ಮೇಲೆ ಅನ್ಯಾಯವಾದಾಗಲೂ ನಮ್ಮ ಪ್ರತಿನಿಧಿ ಎದ್ದು ನಿಲ್ಲಬೇಕೆಂದು ನಾವೇ ಒತ್ತಾಯಿಸಬೇಕು.

ಕೊನೆಯದಾಗಿ, ಮನೆಯೊಳಗಿನ ಒಂದು ಮಾತು. ಇಂಗ್ಲೆಂಡಿನಲ್ಲಿ ವಿವಾಹಿತ ಮಹಿಳೆಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು ದೊರೆತದ್ದು 1882ರಲ್ಲಿ. ಇಸ್ಲಾಮ್ ಅದಕ್ಕೆ ಹನ್ನೆರಡು ಶತಮಾನಗಳ ಮೊದಲೇ ಮಹ್ರ್ ಅನ್ನು ಹೆಣ್ಣಿನ ಕೈಗೇ ಕೊಡಲು ಆಜ್ಞಾಪಿಸಿತು, ಆಸ್ತಿಯಲ್ಲಿ ಆಕೆಯ ಪಾಲನ್ನು ನಿಗದಿಪಡಿಸಿತು. ಆದರೆ ಮಹ್ರ್ ಕಾಗದದಲ್ಲಿ ಉಳಿದು ವರದಕ್ಷಿಣೆ ಕೈಗೆ ಬರುವ ಮದುವೆಗಳು ನಮ್ಮ ಪಟ್ಟಣಗಳಲ್ಲಿ ಇನ್ನೂ ನಡೆಯುತ್ತಿವೆ. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಸರಕಾರವು ಗೃಹಲಕ್ಷ್ಮಿ ಯೋಜನೆಯಡಿ ತಿಂಗಳಿಗೆ 2000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೆ ನೀಡಲು ಆರಂಭಿಸಿತು. ಹಣ ತಾಯಿಯ ಹೆಸರಿಗೇ ಹೋಗಬೇಕೆಂದು 1945ರಲ್ಲಿ ಲಂಡನ್ನಿನ ಸದನದಲ್ಲಿ ಮಂಡನೆಯಾದ ವಾದವೂ ಇದೇ. ಆದರೆ ಬ್ಯಾಂಕಿನಿಂದ ಬಂದೊಡನೆ ಆ ಹಣವನ್ನು ಗಂಡನೋ ಮಗನೋ ಕಿತ್ತುಕೊಂಡರೆ, ಕಾನೂನು ಕೊಟ್ಟದ್ದನ್ನು ಮನೆ ಕಸಿದುಕೊಂಡಂತಾಗುತ್ತದೆ. ಸದನದಲ್ಲಿ ನ್ಯಾಯ ಬೇಡುವ ಸಮುದಾಯ ಮನೆಯಲ್ಲಿ ನ್ಯಾಯ ಪಾಲಿಸದಿದ್ದರೆ ಅದರ ಮಾತಿಗೆ ಬೆಲೆ ಬರುವುದಾದರೂ ಹೇಗೆ? ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿರಿ, ಅದು ನಿಮ್ಮ ವಿರುದ್ಧವೇ ಇದ್ದರೂ ಸರಿ ಎಂಬುದು ಸತ್ಯವಿಶ್ವಾಸಿಗಳಿಗೆ ಅಲ್ಲಾಹನು ವಿಧಿಸಿದ ಹೊಣೆ.

ಸತ್ಯವನ್ನು ಸತ್ಯವೆಂದು ಹೇಳುವ ಧೈರ್ಯವನ್ನೂ, ಅಂತಹ ಧೈರ್ಯವುಳ್ಳವರನ್ನು ಗುರುತಿಸಿ ಆರಿಸುವ ವಿವೇಕವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.