ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುವ ಮುನ್ನ

(ರೈತ ದಂಪತಿಗಳ ತರಬೇತಿ ಶಿಬಿರವೊಂದರಲ್ಲಿ ಗೃಹವಿಜ್ಞಾನ ವಿಸ್ತರಣಾ ಕಾರ್ಯಕರ್ತೆ ಮಾಡಿದ ಭಾಷಣದ ಬರಹ ರೂಪ)



ಬೆಳಗಿನ ಗೋಷ್ಠಿಯಲ್ಲಿ ಪಶುವೈದ್ಯರು ಗಬ್ಬದ ಹಸುವಿನ ಪಾಲನೆಯ ಬಗ್ಗೆ ಮಾತನಾಡಿದರು. ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟವರು ಎಷ್ಟು ಮಂದಿ ಎಂದು ಅವರು ಕೇಳಿದಾಗ ಸಭೆಯಲ್ಲಿ ಬಹಳಷ್ಟು ಕೈಗಳು ಮೇಲೆದ್ದವು. ಈಯುವುದಕ್ಕೆ ಎರಡು ತಿಂಗಳಿರುವಾಗ ಹಾಲು ಬತ್ತಿಸಬೇಕು, ಆಮೇಲೆ ಹಿಂಡಿ ಹೆಚ್ಚಿಸಬೇಕು ಎಂಬುದೂ ನಿಮಗೆ ತಿಳಿದದ್ದೇ. ಈಗ ಅದೇ ಪ್ರಶ್ನೆಯನ್ನು ನಾನು ಕೊಂಚ ಬದಲಾಯಿಸಿ ಕೇಳುತ್ತೇನೆ. ಮನೆಯ ಸೊಸೆಯೋ ಮಗಳೋ ಬಸುರಿಯಾಗಿದ್ದರೆ ಅವಳಿಗೆ ದಿನ ತುಂಬುವುದು ಯಾವ ತಾರೀಖಿಗೆ ಎಂದು ಹೇಳಬಲ್ಲ ಗಂಡಸರು ಇಲ್ಲಿ ಎಷ್ಟು ಮಂದಿ ಇದ್ದೀರಿ?

ಹೋಲಿಕೆ ಕೇಳಿ ಯಾರೂ ಬೇಸರ ಮಾಡಿಕೊಳ್ಳಬಾರದು. ಲೆಕ್ಕ ಬಹಳ ಸುಲಭವಾದದ್ದು. ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಬೇಕು. ಜನವರಿ 10 ಆಗಿದ್ದರೆ ಅಕ್ಟೋಬರ್ 17. ಸರಿಯಾಗಿ ಆ ದಿನವೇ ಹೆರಿಗೆಯಾಗುವುದು ಅಪರೂಪ; ಅದಕ್ಕೆ ಮೂರು ವಾರ ಮುಂಚಿನಿಂದ ಯಾವ ದಿನವಾದರೂ ಆಗಬಹುದೆಂದು ತಿಳಿದು ಮನೆಯವರೆಲ್ಲ ಸಿದ್ಧರಿರಬೇಕು. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದು, ಆಗ ಹೊಲದಲ್ಲಿ ಯಾವ ಕೆಲಸ ಬೀಳುತ್ತದೆ ಎಂದು ನೋಡಿರಿ. ರಾಗಿ ಕೊಯ್ಲಿಗೋ ಭತ್ತದ ನಾಟಿಗೋ ಬಂದರೆ ಆಳಿನ ವ್ಯವಸ್ಥೆ ಮೊದಲೇ ಆಗಬೇಕು. ಕೈಯಲ್ಲಿರುವ ಹಣವನ್ನೆಲ್ಲ ಗೊಬ್ಬರಕ್ಕೆ ಸುರಿದು ಕೂರಬಾರದು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ಸೀಮಂತವೋ ಕುಬುಸವೋ ಮುಗಿಸಿ ಏಳನೆಯ ತಿಂಗಳಿನಲ್ಲೋ ಒಂಬತ್ತನೆಯ ತಿಂಗಳಿನಲ್ಲೋ ಹುಡುಗಿಯನ್ನು ಕರೆದೊಯ್ಯುತ್ತಾರೆ. ಈ ವಾಡಿಕೆಯನ್ನು ನಾನು ಆಕ್ಷೇಪಿಸುವುದಿಲ್ಲ. ಮೊದಲ ಸಲ ಹೆರುವ ಹುಡುಗಿಗೆ ತಾಯಿಯ ಆಸರೆಗಿಂತ ದೊಡ್ಡ ಧೈರ್ಯ ಬೇರೆ ಇಲ್ಲ. ಗಂಡನ ಮನೆಯ ದುಡಿಮೆಯಿಂದ ಅವಳಿಗೆ ಅಷ್ಟು ದಿನ ಬಿಡುವೂ ಸಿಕ್ಕುತ್ತದೆ. ಆದರೆ ಇದರಲ್ಲಿ ಒಂದು ತೊಡಕು ಇದೆ. ಆರು ತಿಂಗಳು ಅವಳನ್ನು ನೋಡಿಕೊಂಡ ಆಶಾ ಕಾರ್ಯಕರ್ತೆ, ರಕ್ತ ಪರೀಕ್ಷೆ ಮಾಡಿದ ದಾದಿ, ಮಾತ್ರೆ ಕೊಟ್ಟ ಆರೋಗ್ಯ ಕೇಂದ್ರ ಎಲ್ಲವೂ ಗಂಡನ ಊರಿನಲ್ಲಿ ಉಳಿಯುತ್ತವೆ. ಹೆಚ್ಚು ಎಚ್ಚರ ಬೇಕಾದ ಕಡೆಯ ಎರಡು ಮೂರು ತಿಂಗಳು ಅವಳು ಕಳೆಯುವುದು ತವರಿನಲ್ಲಿ. ಅಲ್ಲಿಯ ಆರೋಗ್ಯ ಕಾರ್ಯಕರ್ತೆಗೆ ಅವಳು ಬಂದ ಸುದ್ದಿಯೇ ಗೊತ್ತಿರುವುದಿಲ್ಲ. ಇಲ್ಲಿಯವರು ‘ತವರಿಗೆ ಹೋದಳು’ ಎಂದು ಬರೆದುಕೊಳ್ಳುತ್ತಾರೆ. ಅಲ್ಲಿಯವರ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ.

ನಾನು ಭೇಟಿಕೊಟ್ಟ ಒಂದು ಮನೆಯಲ್ಲಿ ಹುಡುಗಿಗೆ ಎಂಟು ತಿಂಗಳು ತುಂಬಿತ್ತು. ಐದು ಬಗೆಯ ಚಿತ್ರಾನ್ನ, ಹಸಿರು ಬಳೆ, ರೇಷ್ಮೆ ಸೀರೆ, ಎರಡು ಡಬ್ಬ ಕೊಬ್ಬರಿ ಮಿಠಾಯಿ ಎಲ್ಲವನ್ನೂ ಬೀಗರು ಸಡಗರದಿಂದ ಕಳಿಸಿಕೊಟ್ಟಿದ್ದರು. ತಾಯಿ ಕಾರ್ಡು ಮಾತ್ರ ಗಂಡನ ಮನೆಯ ಪೆಟ್ಟಿಗೆಯಲ್ಲಿ ಉಳಿದಿತ್ತು. ಕಬ್ಬಿಣಾಂಶದ ಮಾತ್ರೆ ಮುಗಿದು ಮೂರು ವಾರವಾಗಿತ್ತು. ಅವಳ ರಕ್ತದ ಗುಂಪು ಯಾವುದೆಂದು ಕೇಳಿದರೆ ತಾಯಿ ಮಗಳ ಮುಖ ನೋಡಿದಳು, ಮಗಳು ತಾಯಿಯ ಮುಖ ನೋಡಿದಳು. ಇದು ಪ್ರೀತಿ ಕಡಿಮೆಯಾದ ಮನೆಯಲ್ಲ. ಯಾವುದನ್ನು ಕಟ್ಟಿ ಕಳಿಸಬೇಕೆಂದು ತಿಳಿಯದ ಮನೆ.

ಆದ್ದರಿಂದ ಮಡಿಲು ತುಂಬುವಾಗಲೇ ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ರಕ್ತ ಪರೀಕ್ಷೆಯ ಚೀಟಿಗಳು, ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿ, ಉಳಿದ ಮಾತ್ರೆಗಳು ಇವೆಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳ ಕೈಗೇ ಕೊಡಿರಿ. ಕಾರ್ಡಿನ ಒಂದೊಂದು ಪುಟವನ್ನೂ ಗಂಡನಾದವನು ತನ್ನ ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಲಿ. ತವರು ಸೇರಿದ ಎರಡು ಮೂರು ದಿನದೊಳಗೆ ಅಲ್ಲಿಯ ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ತಿಳಿಸಿ ಹೆಸರು ಬರೆಸಬೇಕು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಉಚಿತವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ. ಆ ದಿನ ತವರಿನ ಕಡೆಯ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿದರೆ ಅಲ್ಲಿಯ ವೈದ್ಯರಿಗೂ ಅವಳ ಪರಿಚಯವಾಗುತ್ತದೆ.

ಕಡೆಯ ತಿಂಗಳುಗಳಲ್ಲಿ ತೂಕ, ರಕ್ತದೊತ್ತಡ, ಮೂತ್ರ, ಹಿಮೋಗ್ಲೋಬಿನ್ ಈ ನಾಲ್ಕನ್ನೂ ನೋಡಿಸಲೇಬೇಕು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಅದು ಮನೆಮದ್ದಿನ ಮಾತಲ್ಲ, ಆಸ್ಪತ್ರೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಹೋದರೆ ಗಟ್ಟಿಮುಟ್ಟಾದ ಹೆಂಗಸೇ ಎರಡು ಗಂಟೆಯೊಳಗೆ ಪ್ರಾಣ ಬಿಡಬಹುದು. ಮೊದಲೇ ರಕ್ತವಿಲ್ಲದವಳಿಗೆ ಅಷ್ಟು ಹೊತ್ತೂ ಇರುವುದಿಲ್ಲ. ಆ ಕೆಂಪು ಮಾತ್ರೆಯನ್ನು ‘ಕೂಸು ಕಪ್ಪಾಗುತ್ತದೆ’, ‘ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ’ ಎಂದು ಹಿತ್ತಿಲಿಗೆ ಎಸೆಯುವವರು ಇದನ್ನು ಯೋಚಿಸಬೇಕು. ಮಲ ಕಪ್ಪಾಗುವುದು ನಿಜ, ಕೂಸು ಕಪ್ಪಾಗುವುದಿಲ್ಲ. ಹೊಟ್ಟೆ ತೊಳೆಸಿದಂತಾದರೆ ರಾತ್ರಿ ಊಟವಾದ ಮೇಲೆ ನುಂಗಲಿ. ಕಾಫಿ, ಟೀ ಜೊತೆಗೆ ಬೇಡ. ನಿಂಬೆಹಣ್ಣಿನ ಪಾನಕವೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಂದಿಗೆ ಸೇರಿಸದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ಮುಂದುವರಿಯಬೇಕು.

ಊಟದ ವಿಷಯದಲ್ಲಿ ರೈತರ ಮನೆಗೆ ನಾನು ಹೊಸದಾಗಿ ಹೇಳುವುದು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮುದ್ದೆ, ಹುರುಳಿ ಸಾರು, ಸೊಪ್ಪಿನ ಬಸ್ಸಾರು, ಎಳ್ಳು, ಹಾಲು, ಮೊಟ್ಟೆ ನಿಮ್ಮ ಹೊಲ ಹಿತ್ತಿಲಿನವೇ. ಮಾರಾಟಕ್ಕೆ ಹೋಗುವ ಹಾಲಿನಲ್ಲಿ ಒಂದು ಲೋಟ ಅವಳಿಗಾಗಿ ನಿಲ್ಲಲಿ. ಎಲ್ಲರೂ ಉಂಡಾದ ಮೇಲೆ ತಳದಲ್ಲಿ ಉಳಿದದ್ದನ್ನು ಬಸುರಿ ಉಣ್ಣುವ ಪದ್ಧತಿ ಇರುವ ಮನೆಗಳಲ್ಲಿ ಯಾವ ಮಾತ್ರೆಯೂ ಸಾಲದು. ಕೂಸು ಚಿಕ್ಕದಾಗಿರಲಿ ಎಂದು ಹೊಟ್ಟೆ ಕಟ್ಟುವುದು ತಪ್ಪು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು ಬದುಕಿಸಿಕೊಳ್ಳುವುದೇ ಕಷ್ಟ. ಕಡೆಯ ಮೂರು ತಿಂಗಳು ನೀರಿನ ಕೊಡ, ಹುಲ್ಲಿನ ಹೊರೆ ಹೊರಿಸಬೇಡಿ. ಕ್ರಿಮಿನಾಶಕ ಹೊಡೆಯುವ ಹೊಲಕ್ಕೆ ಅವಳು ಹೋಗಬಾರದು, ಹೊಡೆದು ಬಂದವರ ಬಟ್ಟೆ ಒಗೆಯಲೂ ಬಾರದು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಇನ್ನು ಆಸ್ಪತ್ರೆಯ ವಿಷಯ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅಂತಹ ಕೈಗಳ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಎಂತಹ ಅನುಭವದ ಕೈಯಾದರೂ ಮನೆಯಲ್ಲಿ ರಕ್ತ ಕೊಡಲಾರದು, ಶಸ್ತ್ರಚಿಕಿತ್ಸೆ ಮಾಡಲಾರದು. ಚೊಚ್ಚಲಿನಲ್ಲಿ ಮುಂದೇನಾಗುತ್ತದೆ ಎಂದು ತೋರಿಸುವ ಹಿಂದಿನ ಹೆರಿಗೆಯೂ ಇರುವುದಿಲ್ಲ. ಹಾಗಾಗಿ ತವರಿನವರು ಎಂಟನೆಯ ತಿಂಗಳಿನಲ್ಲೇ ಮೂರು ಸಂಗತಿ ವಿಚಾರಿಸಬೇಕು. ಹತ್ತಿರದಲ್ಲಿ ರಾತ್ರಿ ಹೊತ್ತೂ ಹೆರಿಗೆ ಮಾಡಿಸುವ ಆಸ್ಪತ್ರೆ ಯಾವುದು. ತೊಡಕಾದರೆ ಶಸ್ತ್ರಚಿಕಿತ್ಸೆ ಮತ್ತು ರಕ್ತ ದೊರೆಯುವ ಆಸ್ಪತ್ರೆ ಯಾವುದು. ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕು. ರಕ್ತದೊತ್ತಡ ಹೆಚ್ಚಿದ್ದರೆ, ಅವಳಿ ಕೂಸಿದ್ದರೆ, ಕೂಸು ಅಡ್ಡ ತಿರುಗಿದ್ದರೆ, ರಕ್ತ ಬಹಳ ಕಡಿಮೆಯಿದ್ದರೆ ಮೊದಲೇ ಎರಡನೆಯ ಆಸ್ಪತ್ರೆಗೇ ಹೋಗುವುದು ಲೇಸು. ತವರಿನಿಂದ ಆ ಆಸ್ಪತ್ರೆ ಬಹಳ ದೂರವಿದ್ದು ಗಂಡನ ಊರಿಗೆ ಹತ್ತಿರವಿದ್ದರೆ ಬೀಗರು ಬೀಗರು ಕೂತು ಮಾತನಾಡಿ ತಾಯಿಯನ್ನೇ ಮಗಳ ಮನೆಗೆ ಕರೆಸಿಕೊಳ್ಳಬಹುದು. ವಾಡಿಕೆ ಇರುವುದು ಹುಡುಗಿಗಾಗಿ, ಹುಡುಗಿ ಇರುವುದು ವಾಡಿಕೆಗಾಗಿ ಅಲ್ಲ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಟ್ಟುವ ಊರುಗಳವರು ದಿನ ತುಂಬುವುದಕ್ಕೆ ಹತ್ತು ಹದಿನೈದು ದಿನ ಮೊದಲೇ ಪೇಟೆಯ ನೆಂಟರ ಮನೆಗೆ ಅವಳನ್ನು ಕಳಿಸುವುದು ಕ್ಷೇಮ.

ವಾಹನಕ್ಕೆ 108 ಇದೆ. ನಮ್ಮ ರಾಜ್ಯದಲ್ಲಿ ಅದು 2008ರಲ್ಲಿ ಆರಂಭವಾಯಿತು. ಆದರೂ ಊರಿನಲ್ಲಿ ಜೀಪೋ ಕಾರೋ ಇರುವ ಇಬ್ಬರನ್ನು ಮೊದಲೇ ಕೇಳಿಟ್ಟು ಅವರ ಫೋನ್ ನಂಬರನ್ನು ಗೋಡೆಯ ಮೇಲೆ ಬರೆಯಿರಿ. ಹುಡುಗಿಯ ಗುಂಪಿನ ರಕ್ತವುಳ್ಳ ಒಬ್ಬಿಬ್ಬರು ನೆಂಟರೂ ಗೊತ್ತಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಊಟ ಎಲ್ಲವೂ ಉಚಿತವೆಂದು 2011ರಿಂದ ಕೇಂದ್ರದ ಯೋಜನೆ ಇದೆ. ಮೊದಲ ಕೂಸಿಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಕಂತುಗಳಲ್ಲಿ ತಾಯಿಯ ಖಾತೆಗೆ ಬರುತ್ತದೆ. ಇದಕ್ಕೆ ಅಂಗನವಾಡಿಯಲ್ಲಿ ಅರ್ಜಿ ಕೊಡಬೇಕು. ಹೀಗಿದ್ದರೂ ಕೈಯಲ್ಲಿ ಕೊಂಚ ನಗದು ಇರಲೇಬೇಕು, ಜೊತೆಗೆ ಹೋಗುವವರ ಊಟ ತಿಂಡಿಗೆ ಯಾವ ಯೋಜನೆಯೂ ಇಲ್ಲ.

ಕೂಸು ಹುಟ್ಟುವ ಮುನ್ನ ಹೊಸ ಬಟ್ಟೆ ತರಬಾರದೆಂದು ಹಿರಿಯರು ಹೇಳುವುದುಂಟು. ತರುವುದೇ ಬೇಡ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ, ಮಡಿಸಿ ಚೀಲದಲ್ಲಿಟ್ಟರೆ ಹೊಸದಕ್ಕಿಂತ ಮೃದು. ತಾಯಿಗೆ ಎರಡು ಜೊತೆ ಬಟ್ಟೆ, ಕೂಸಿನ ತಲೆಗೊಂದು ಕುಲಾವಿ, ಸೋಪು, ಒಂದು ಲೋಟ, ಟಾರ್ಚು, ಆ ಕಾಗದಗಳ ಚೀಲ; ಇಷ್ಟು ಬಾಗಿಲ ಹತ್ತಿರವೇ ಇರಲಿ.

ಯಾವಾಗ ಹೊರಡಬೇಕು? ನೋವು ಕ್ರಮವಾಗಿ ಬಂದು ಹೋಗಿ ಬಿಗಿಯಾಗುತ್ತ ನಡೆದರೆ ಹೊರಡಬೇಕು. ಚೊಚ್ಚಲಿನಲ್ಲಿ ಹೆರಿಗೆ ಸಾಮಾನ್ಯವಾಗಿ ನಿಧಾನ, ಹನ್ನೆರಡು ಗಂಟೆಗೂ ಮೀರಬಹುದು. ಆದರೆ ಅದನ್ನೇ ನಂಬಿ ಮನೆಯಲ್ಲಿ ಕಾಯುತ್ತ ಕೂರಬೇಡಿ. ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ. ರಕ್ತ ಹೋದರೆ, ತಡೆಯಲಾರದ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ, ಜ್ವರ ಬಂದರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ತಡವಾಗಬಾರದು. ತಲೆನೋವು ಊತ ಎರಡೂ ರಕ್ತದೊತ್ತಡ ಏರಿದ್ದರ ಗುರುತಾಗಿರಬಹುದು, ಫಿಟ್ಸ್ ಅದರ ಮುಂದಿನ ಹೆಜ್ಜೆ. ಅದನ್ನು ಗಾಳಿ ಸೋಂಕೆಂದು ಯಂತ್ರ ಕಟ್ಟಿಸಲು ಹೋಗಿ ಹೊತ್ತು ಕಳೆದ ಮನೆಗಳುಂಟು. ಹೊಟ್ಟೆಯಲ್ಲಿ ಕೂಸಿನ ಮಿಸುಕಾಟ ಎಂದಿಗಿಂತ ಕಡಿಮೆಯಾಯಿತೆಂದು ಹುಡುಗಿ ಹೇಳಿದರೆ ‘ಮಲಗಿರಬೇಕು ಬಿಡು’ ಎನ್ನದೆ ಅದೇ ದಿನ ತೋರಿಸಿರಿ. ಅದು ಅವಳಿಗಲ್ಲದೆ ಬೇರೆ ಯಾರಿಗೂ ತಿಳಿಯುವ ಸಂಗತಿಯಲ್ಲ.

ಕೂಸು ಹುಟ್ಟಿದ ಮೇಲಿನ ಮಾತನ್ನು ಈಗಲೇ, ಅಜ್ಜಿಯರ ಎದುರಿಗೇ ಆಡಿಬಿಡಬೇಕು. ಹುಟ್ಟಿದ ಗದ್ದಲದಲ್ಲಿ ಯಾರೂ ಕೇಳುವುದಿಲ್ಲ. ಕರು ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸದಿದ್ದರೆ ಅದು ಬದುಕುವುದು ಕಷ್ಟವೆಂದು ನಿಮಗೆ ಗೊತ್ತು. ಆದರೆ ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸುತ್ತಾರೆ. ಒಂದು ಗಂಟೆಯೊಳಗೆ ಮೊಲೆಗೆ ಹಾಕಬೇಕು. ಆರು ತಿಂಗಳು ಎದೆಹಾಲಲ್ಲದೆ ನೀರೂ ಬೇಡ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಹಚ್ಚದೆ ಒಣಗಲು ಬಿಡಬೇಕು. ಮೊದಲ ದಿನ ಸ್ನಾನ ಮಾಡಿಸದೆ ತಾಯಿಯ ಮೈಗೆ ಒತ್ತಿ ಬೆಚ್ಚಗಿಡಬೇಕು.

ಬಾಣಂತಿ ಪಥ್ಯದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬರೀ ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಅಳೆದು ಕೊಡುವ ಎರಡು ಲೋಟ ನೀರು. ಕಾಳಿಲ್ಲ, ಸೊಪ್ಪಿಲ್ಲ, ಹಣ್ಣಿಲ್ಲ. ಮಿಲ್ಲಿನಲ್ಲಿ ಹೊಳಪು ಕೊಟ್ಟ ಅಕ್ಕಿಯಲ್ಲಿ ತವಡಿನೊಂದಿಗೆ ಥಯಮಿನ್ ಎಂಬ ಜೀವಸತ್ವ ಹೋಗಿರುತ್ತದೆ. ಅಳಿದುಳಿದದ್ದು ನಾಲ್ಕು ಸಲ ತೊಳೆದು ಗಂಜಿ ಬಸಿಯುವುದರಲ್ಲಿ ಹೋಗುತ್ತದೆ. ತಿಂಗಳುಗಟ್ಟಲೆ ಹೀಗೆ ಉಂಡ ತಾಯಿಯ ಹಾಲಿನಲ್ಲೂ ಅದು ಇರುವುದಿಲ್ಲ. ಚೆನ್ನಾಗಿಯೇ ಇದ್ದ ಕೂಸು ಎರಡು ಮೂರು ತಿಂಗಳಿಗೆ ಹಾಲು ಬಿಟ್ಟು, ದನಿ ಒಡೆದು, ಏದುಸಿರು ಬಿಟ್ಟು ಹೃದಯ ಸೋತು ಸಾಯಬಹುದು. ಹೊತ್ತಿಗೆ ಸರಿಯಾಗಿ ಗುರುತಿಸಿ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹೆಸರುಬೇಳೆ, ಹುರುಳಿ, ರಾಗಿ, ಕಡಲೆಕಾಯಿ, ಸೊಪ್ಪು ಬಾಣಂತಿಯ ತಟ್ಟೆಯಲ್ಲಿ ಇದ್ದರೆ ಈ ರೋಗ ಹತ್ತಿರ ಬಾರದು. ನೀರನ್ನು ಬಾಯಾರಿದಷ್ಟು ಕುಡಿಯಲಿ. ಬೆಚ್ಚಗಿರಿಸುವುದಕ್ಕೆ ನನ್ನ ಅಭ್ಯಂತರವಿಲ್ಲ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದಕ್ಕೆ ಇದೆ.

ಆಸ್ಪತ್ರೆ ಬಿಡುವ ಮುನ್ನ ಬಿ.ಸಿ.ಜಿ., ಪೋಲಿಯೊ ಹನಿ, ಕಾಮಾಲೆಯ ಲಸಿಕೆ ಆದವೇ ಎಂದು ಕಾರ್ಡಿನಲ್ಲಿ ನೋಡಿಕೊಳ್ಳಿ. ಜನನವನ್ನು 21 ದಿನದೊಳಗೆ, ಕೂಸು ಹುಟ್ಟಿದ ಸ್ಥಳದಲ್ಲೇ ನೋಂದಾಯಿಸಬೇಕು. ಗಂಡನ ಊರಿನಲ್ಲಿ ಆಗುವುದಿಲ್ಲ. ಮುಂದಿನ ಲಸಿಕೆಗಳು ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ಬೀಳುತ್ತವೆ. ಆ ಹೊತ್ತಿಗೆ ಬಾಣಂತಿ ಕೆಲವು ಮನೆಗಳಲ್ಲಿ ತವರಿನಲ್ಲೇ ಇರುತ್ತಾಳೆ, ಕೆಲವು ಮನೆಗಳಲ್ಲಿ ಗಂಡನ ಊರಿಗೆ ಬಂದಿರುತ್ತಾಳೆ. ಎಲ್ಲಿದ್ದರೆ ಅಲ್ಲಿ ಹಾಕಿಸಬಹುದು, ಕಾರ್ಡು ಜೊತೆಗಿರಬೇಕು. ತೊಟ್ಟಿಲು ಕಳಿಸುವಾಗ ಅದನ್ನೂ ಕಳಿಸಿರಿ.